ಖಾಲಿ ತೂಕ

ಹಾಸನದ ಸಂತೇಪೇಟೆಯಲ್ಲಿ ಖಲಂದರ್ ಸಾಬರ ವೇಬ್ರಿಡ್ಜು.
ಪಕ್ಕದ ಮನೆ ನಮ್ಮದು. ಕರೆಂಟು ಹೋದರೆ
ಅವರ ತಗಡಿನ ಗೂಡಲ್ಲಿ, ಲಾಟೀನಿನ ಬುಡದಲ್ಲಿ, ನನ್ನ ಮಗ್ಗಿ.
ಆಲೂಗಡ್ಡೆ ಲಾರಿ ಬರುವುದು, ಹಲಗೆ ಏರಿ ನಿಲ್ಲುವುದು.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆ,
ಮೂಟೆಗೊಂದು ಕಿಲೋ ಮಣ್ಣಿನ ಬಾಬ್ತು ಕಳೆ.
ಕಳೆಯುವುದನ್ನು ನಾನು ಕಲಿತದ್ದು ಅಲ್ಲಿ.

ಒಂದು ರಾತ್ರಿ, ಮಾಲು ಇಳಿಸಿ ಬಂದ ಲಾರಿ. ಮುಳ್ಳು
ಮೂವತ್ತು ಕಿಲೋ ಹೆಚ್ಚಿಗೆ ನಿಂತಿತು.
ಲಾರಿಗಳ ಖಾಲಿ ತೂಕ ಸಾಬರಿಗೆ ಬಾಯಿಪಾಠ.
ಎದ್ದೂ ನೋಡಲಿಲ್ಲ. ಕೂತಲ್ಲಿಂದಲೇ ಕೂಗಿದರು:
"ಸೀಟಿನ ಹಿಂದೆ ಮಲಗಿರೋನೇ, ಇಳಿಯಪ್ಪ ಕೆಳಗೆ."
ಇಳಿದ, ಕಣ್ಣುಜ್ಜುತ್ತ,
ಹನ್ನೆರಡು ದಾಟದ ಕ್ಲೀನರ್ ಹುಡುಗ.

ಅಷ್ಟೇ. ಮಿಕ್ಕ ನನ್ನ ಓದೆಲ್ಲ ಅದರ ವಿಸ್ತಾರ.
ಗೆಲಾಕ್ಸಿಗಳು ತಮ್ಮ ಬೆಳಕಿನ ಲೆಕ್ಕ ಮೀರಿ ತಿರುಗುತ್ತವೆ;
ಯಾರೋ ಮಲಗಿದ್ದಾರೆ ಸೀಟಿನ ಹಿಂದೆ.

ಪಿಎಚ್.ಡಿ.ಗೆ ಆರು ವರ್ಷ. ಆಮೇಲೆ
ಎರಡೆರಡು ವರ್ಷದ ಮೂರು ಊರು, ಮೂರಕ್ಕೂ ಒಂದೇ ಕುಕ್ಕರು.
ನಾನೊಂದು ಕಣ ಊಹಿಸಿದೆ, ಅದಕ್ಕಿಷ್ಟು ತೂಕ ಕೊಟ್ಟೆ.
ಗಣಿಯ ಆಳದಲ್ಲಿ ಕ್ಸೆನಾನ್ ತೊಟ್ಟಿ ಇಟ್ಟು
ಬೇರೆಯವರು ಕಾದರು. ಬರಲಿಲ್ಲ.
ಇನ್ನಷ್ಟು ಹಗುರ ಮಾಡಿದೆ. ಬರಲಿಲ್ಲ.
ಗ್ರಾಫಿನ ಗೆರೆ ವರ್ಷವರ್ಷವೂ ಕೆಳಗಿಳಿಯಿತು,
ನನ್ನ ಕಣಕ್ಕೆ ಉಳಿದ ಜಾಗ
ಬಾಡಿಗೆ ಮನೆಯ ಹಾಗೆ ಕಿರಿದಾಗುತ್ತ ಬಂತು.

ಕಡೆಗೆ ಹಾಸನದ್ದೇ ಕಾಲೇಜು:
ಬೆಳಿಗ್ಗೆ ಲೋಲಕ, ಮಧ್ಯಾಹ್ನ ಮಸೂರ, ರಾತ್ರಿ ಮಾತ್ರ ಕಣ.
ಬಡ್ತಿ ಸಮಿತಿಯಲ್ಲೊಬ್ಬರು ಕನ್ನಡಕ ಒರೆಸುತ್ತ ಕೇಳಿದರು,
"ಒಟ್ಟಿನಲ್ಲಿ ಏನು ಸಿಕ್ಕಿತಮ್ಮ?"
"ಎಲ್ಲೆಲ್ಲಿ ಇಲ್ಲ ಅನ್ನೋದು, ಸರ್."
ನಕ್ಕರು. ಟೀ ತರಿಸಿದರು. ಬಡ್ತಿ ಮುಂದಿನ ಸಲ ಕೊಟ್ಟರು.

ನಿನ್ನೆ ನಿವೃತ್ತಿ. ಶಾಲು, ಹಣ್ಣಿನ ಬುಟ್ಟಿ,
ರಟ್ಟಿನ ಡಬ್ಬದಲ್ಲಿ ನನ್ನ ಪೇಪರುಗಳು.
ದಾರಿಯಲ್ಲಿ ಆಟೋ ನಿಲ್ಲಿಸಿದೆ. ಸಾಬರಿಲ್ಲ;
ಮೊಮ್ಮಗ ಇಮ್ದಾದ್, ಮುಳ್ಳಿನ ಜಾಗದಲ್ಲಿ ಕೆಂಪು ಅಂಕಿ.
ತಮಾಷೆಗೆ ಡಬ್ಬವನ್ನು ಉಕ್ಕಿನ ಹಲಗೆಯ ನಡುವೆ ಇಟ್ಟೆ.
ಸೊನ್ನೆ.
"ಹತ್ತು ಕಿಲೋ ಒಳಗಿದ್ರೆ ಇದಕ್ಕೆ ಗೊತ್ತಾಗಲ್ಲ ಆಂಟಿ," ಅಂದ,
"ಏನೂ ಇಲ್ಲ ಅಂತಲ್ಲ."

ಅದನ್ನೇ ಕಣಪ್ಪ, ನಲವತ್ತೊಂದು ಸಲ
ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದೇನೆ.

ಹಿಂದೆ ಹಾರನ್. ಡಬ್ಬ ಎತ್ತಿಕೊಂಡು ಪಕ್ಕಕ್ಕೆ ಸರಿದೆ.
ಲಾರಿ ಏರಿ ನಿಂತಿತು, ಖಾಲಿ.
ರೂಢಿಗೆ, ಸೀಟಿನ ಹಿಂದೆ ಇಣುಕಿದೆ.