ಬಡಗಣ ಗ್ವಾಡಿಯ ಅಳತಿ

ಜತ್ತದ ನರ್ಸರಿಯಾಂವ ಕೇಳಿದ್ದು ಒಂದ ಮಾತು:
‘ಬಿಸಲಿಗೋ, ನೆರಳಿಗೋ?’
ಇಪ್ಪತ್ತೊಂದು ವರ್ಷ ಆ ಮನ್ಯಾಗ ಬಾಳೇ ಮಾಡಿದಾಕಿ ನಾನು,
ಉತ್ತರ ಬರಲಿಲ್ಲ.
ಹಿಂದ ನಿಂತಾಂವ ಕೆಮ್ಮಿದ.
ಬರಿಗೈಲೆ ಉಮದಿ ಬಸ್ ಹತ್ತಿದೆ.

ಎಳ್ಳಮಾಸಿ ಮುಗದ ರವಿವಾರ. ಮಷೀನಿಗೆ ಮುಸುಕು ಹಾಕಿ
ಬಟ್ಟಿಗೆ ಗೀಟು ಹೊಡಿಯೋ ನೀಲಿ ಖಡು ಹಿಡಕೊಂಡು
ಮನಿ ಸುತ್ತ ತಿರುಗಿದೆ.
ಗ್ವಾಡಿಗುಂಟ ಒಂದೂವರಿ ಮೊಳದ ಮಣ್ಣ ಪಟ್ಟಿ,
ಅದರಾಚೆ ಶಹಾಬಾದಿ ಫರಸಿ.
ತಾಸಿಗೊಮ್ಮೆ, ನೆರಳು ಎಲ್ಲಿ ಮುಗೀತೈತೋ
ಅಲ್ಲೊಂದು ಗೀಟು.
ನೆಗೆಣ್ಣಿ ಕಲ್ಲವ್ವ ಕಟ್ಟಿ ಮ್ಯಾಲ ಶೇಂಗಾ ಸುಲಿಯಾಕತ್ತಿದ್ದಳು:
‘ಯಾರಿಗೆ ಜಂಪರ್ ಹೊಲೀತೀ ಸೋನಕ್ಕಾ, ಭೂಮಿತಾಯಿಗೇನ?’

ಕಾಶೀಬಾಯಿ ಎದಿ ಮೂವತ್ತಾರು, ಸ್ವಂಟ ಮೂವತ್ತೆರಡು
ಅಂತಿದ್ದ ಹಾಳಿಯ ಬೆನ್ನಿಗೆ ಬರದೆ:
ಮೂಡಲ, ಮುಂಜಾನಿ ನಾಕು ತಾಸು, ಎಳಿ ಬಿಸಲು.
ತೆಂಕಣ, ದಿನಪೂರ್ತಿ.
ಪಡುವಲ, ಎರಡರಿಂದ ಮುಳುಗೂತನಕಾ, ಹಂಚಿನ ಕಾವು.
ಬಡಗಣ, ಏನೂ ಇಲ್ಲ. ಪೂರಾ ನೆರಳು.
ಪೂರಾ ಅನ್ನೋದರ ಕೆಳಗ ಎರಡು ಗೀಟು ಎಳದೆ.

ನೆರಳೂ ಒಂದ ನಮೂನಿ ಇರೂದಿಲ್ಲ.
ಬೇವಿಂದು ಮಲಮಲ್. ಗಾಳಿ ಬಂದರ ಸರೀತೈತಿ,
ನಡುನಡುವ ಚಿಲ್ಲರಿ ರೊಕ್ಕದಂಥ ಬಿಸಲು.
ಗ್ವಾಡಿದು ಕೌದಿ. ಅದರೊಳಗ ಕೈ ಇಟ್ಟರ ಮಣ್ಣು ತಣ್ಣಗ,
ನಿನ್ನಿ ಹಾಕಿದ ನೀರು ಇವತ್ತೂ ಹಸಿ.

ತೆಂಕಣಕ್ಕ ಆಫೀಸ್ ಟೈಮ್ ಹೂ, ಹತ್ತಕ್ಕ ಕಣ್ಣ ಬಿಡೂವಂಥಾವು.
ಪಡುವಲಕ್ಕ ಕಣಗಿಲಿ, ಅದಕ್ಕ ಯಾರ ಹಂಗೂ ಇಲ್ಲ.
ಮೂಡಲಕ್ಕ ಗುಲಬಾಕ್ಷಿ;
ಅಲ್ಲಿ ಸಂಜಿ ಲಗೂ ಆಗತೈತಂತ
ಓಣ್ಯಾಗಿನ ಗುಲಬಾಕ್ಷಿಗಿಂತ ಅರ್ಧ ತಾಸು ಮೊದಲ ಅರಳತಿದ್ದವು.
ಬಡಗಣಕ್ಕ ಎಪ್ಪತ್ತೆಪ್ಪತ್ತು ರೂಪಾಯಿದು ನಾಕು ಫರ್ನ್,
ಎರಡು ಕೋಲಿಯಸ್, ರೇಶಿಮಿ ಚೂರಿನಂಥ ಎಲಿ.
ಎಲ್ಲಾ ಅಳತಿಗೆ ಸರಿ ಕುಂತಿತ್ತು.
ಕಲ್ಲವ್ವ ಸುದ್ದಾ ತನಗೊಂದು ಟೊಂಗಿ ಕೇಳಿದಳು.

ವೈಶಾಖ ಅರ್ಧ ಸರಿದಾಗ
ಫರ್ನಿನ ತುದಿ ಹಪ್ಪಳಾತು.
ನೀರು ಸಾಲದಂತ ಎರಡು ಕೊಡ ಹೆಚ್ಚು ಹಾಕಿದೆ.
ಹುಳ ಇರಬೇಕಂತ ಬೂದಿ ಉದುರಿಸಿದೆ.
ದೃಷ್ಟಿ ಅಂತ ಕಲ್ಲವ್ವ ಉಪ್ಪು ಇಳಿಸಿದಳು.
ತೆಂಕಣದ ಆಫೀಸ್ ಟೈಮ್ ಹನ್ನೊಂದಾದರೂ ಕಣ್ಣ ಬಿಡವಲ್ಲವು,
ರಜಾ ಹಾಕಿದಂಗ.

ಒಂದಿನ ನಾಕರ ಸುಮಾರು ಬಡಗಣ ಕಿಡಕ್ಯಾಗ
ಸೂಜಿಗೆ ದಾರ ಪೋಣಸಾಕ ಕುಂತೆ.
ಒಂದ ಸಲಕ್ಕ ದಾರ ಹೋತು.
ನೋಡಿದರ, ಕೈ ಮ್ಯಾಲ ಬಿಸಲು.

ಎದ್ದು ಹೊರಗ ಹೋದೆ. ಸೂರ್ಯಾ ನಮ್ಮ ಮಾಳಗಿ ದಾಟಿ
ಮಂಗಳವೇಢೆ ಕಡಿ ವಾಲಿ ನಿಂತಿದ್ದ,
ಹಿತ್ತಲ ಬಾಗಲದಿಂದ ಬಂದ ಬೀಗರಂಗ.
ನನ್ನ ಎರಡು ಗೀಟಿನ ‘ಪೂರಾ’
ಫರಸಿ ಮ್ಯಾಲ ಬೆಳ್ಳಗ ಕಾಯಾಕತ್ತಿತ್ತು.

ಐದು ತಿಂಗಳ ಹಿಂದಿನ ಅಳತಿಗೆ
ಯಾರಿಗೂ ಜಂಪರ್ ಹೊಲಿದಾಕಿ ಅಲ್ಲ ನಾನು.
ಬಸುರಿಗೆ, ಬಾಣಂತಿಗೆ, ಜ್ವರಾ ಬಿಟ್ಟೆದ್ದಾಕಿಗೆ
ಬ್ಯಾಡಂದರೂ ಟೇಪ್ ಮತ್ತ ಹಿಡೀತೀನಿ.
ಗ್ವಾಡಿಗೆ ಮೈ ಇಲ್ಲ ಅಂದ್ಕೊಂಡಿದ್ದೆ.

ಮೃಗದ ಮಳಿ ಮುಖ ತೋರಿಸಿ ಹೋದ ವಾರ
ಮತ್ತ ಜತ್ತ. ಅಂವನ, ಅದ ಮಾತು:
‘ಬಿಸಲಿಗೋ, ನೆರಳಿಗೋ?’
‘ಯಾವ ತಿಂಗಳಿಗೆ?’ ಅಂದೆ.
ಅಂವ ತಲಿ ಎತ್ತಿ ಹಸರ ಜಾಳಗಿ ನೋಡಿದ.
ಅವನ ಗಿಡಕ್ಕೆಲ್ಲಾ ಹನ್ನೆರಡು ತಿಂಗಳೂ ಅದ ಬಟ್ಟಿ.
‘ಅಬೋಲಿ ಒಯ್ರಿ,’ ಅಂದ ಕಡೀಕ.
‘ಎರಡೂ ತಾಳಕೋತೈತಿ. ಮಾತಾಡೂದಿಲ್ಲ.’

ನಾಕರ ಬಸ್. ಚಳಿಗಾಲದ ರೂಢಿಗೆ
ಮಂದಿ ಎಲ್ಲಾ ಎಡಗಡಿ ಕಿಡಕಿ ಹಿಡದಿದ್ದರು,
ಮುಖಕ್ಕ ಸೆರಗು, ಟೋಪಿಗಿ, ಮಡಚಿದ ಪೇಪರು.
ನಾ ಬಲಕ್ಕ ಕುಂತೆ, ತೊಡಿ ಮ್ಯಾಲ ಮೂರು ಅಬೋಲಿ,
ಸ್ವಲ್ಪ ಸೊಕ್ಕಿಲೆ.
ನಡುವ ಎಲ್ಲೋ ರಸ್ತೆ ಹೊಳ್ಳಿತು.
ಬಿಸಲು ಆ ಕಡಿಂದ ಎದ್ದು ಬಂದು
ನನ್ನ ಮಗ್ಗಲಕ್ಕ ಕುಂತಿತು.
ಮೂರರಾಗ ಒಂದಕ್ಕ ಮೊಗ್ಗಿತ್ತು.
ಅದಕ್ಕ ಕೈ ಅಡ್ಡ ಹಿಡದೆ,
ಮುಂದಿನ ತಿರುವಿನ ತನಕಾ.