ಉದಾಹರಣೆ ಕೊಡಿ

ಎಂಟನೇ ತರಗತಿಯಲ್ಲಿ ಕೇಳಿದ್ದರು:
ನಪುಂಸಕಲಿಂಗಕ್ಕೆ ಮೂರು ಉದಾಹರಣೆ ಕೊಡಿ.
ಮರ, ಕಲ್ಲು. ಮೂರನೆಯದಕ್ಕೆ ತಡಕಾಡಿ
ನಮ್ಮಮ್ಮ ಎಂದು ಬರೆದೆ.
ಸಾಗರದ ಕಡೆಯ ನಮ್ಮ ಮನೆಮಾತಲ್ಲಿ
ಅಪ್ಪ ಬಂದ, ಅಮ್ಮ ಬಂತು.
ಅಜ್ಜ ಬೈದ, ಅತ್ತೆ ಬೈತು.
ಮೇಷ್ಟ್ರು ಕಿವಿ ಹಿಂಡಿ
ಹೆತ್ತವಳನ್ನು ಕಲ್ಲಿನ ಸಾಲಿಗೆ ಸೇರಿಸ್ತೀಯಾ ಎಂದರು.

ಈಗ ಶಂಕರಘಟ್ಟದ ಬಸ್ಸು.
ತೊಡೆಯ ಮೇಲೆ ಜೆರಾಕ್ಸಿನ ಕಟ್ಟು.
ಎಂ.ಎ.ನಾ? ಯಾವುದರಲ್ಲಮ್ಮ?
ಲಿಂಗತ್ವ, ಲೈಂಗಿಕತೆ ಎಂದರೆ
ಡ್ರೈವರು ಕನ್ನಡಿಯಲ್ಲಿ ನೋಡುತ್ತಾನೆ.
ಹಾಗಾಗಿ ಸಮಾಜಶಾಸ್ತ್ರ ಎನ್ನುತ್ತೇನೆ, ಸುಳ್ಳೇನಲ್ಲ,
ಅಂಕಪಟ್ಟಿಯಲ್ಲೂ ಹಾಗೇ ಇದೆ.
ಮೀನಿನ ಬುಟ್ಟಿಯ ಹೆಂಗಸೊಬ್ಬಳು ಮಾತ್ರ
ಹಾಳೆಗೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ,
'ಲಿಂಗದ ಓದಾ? ಒಳ್ಳೇದು ಬಿಡವ್ವ,
ಶಿವ ಕಾಯ್ತಾನೆ' ಅಂದಳು.

ನಮ್ಮ ಐಚ್ಛಿಕಕ್ಕೆ ನಾಲ್ಕೇ ಜನ.
ಎನ್ನೆಸ್ಸೆಸ್ಸಿನ ಸಲಿಕೆ ಬುಟ್ಟಿಗಳ ಕೋಣೆಯಲ್ಲಿ ಪಾಠ.
ಮುಂದಿನ ವರ್ಷ ಈ ಪತ್ರಿಕೆ ಇರುತ್ತದೋ ಇಲ್ಲವೋ
ಎಂದು ಮೇಡಂ ಹಾಜರಿಯನ್ನು ಎರಡೆರಡು ಸಲ ಕರೆಯುತ್ತಾರೆ.

ಕ್ಷೇತ್ರಕಾರ್ಯ: ಭದ್ರಾವತಿ,
ಕಾರ್ಖಾನೆಯ ಹಳೇ ಕ್ವಾರ್ಟರ್ಸು.
ಮಾಹಿತಿದಾರರು ಏಳು.
ಪ್ರಬಂಧದಲ್ಲಿ ಹೆಸರು ಬರೆಯಕೂಡದು.
ಕವಿತೆಗೆ ಸಮಿತಿಯಿಲ್ಲ; ಅವರೇ ಹೇಳಿದ್ದಾರೆ,
ಬರಿ, ಎಪ್ಪತ್ತಾರಾಯ್ತು, ಇನ್ನೇನು ನಾಚಿಕೆ.
ಫಿಲೋಮಿನಾ. ಕಾರ್ಖಾನೆ ಆಸ್ಪತ್ರೆಯ ನರ್ಸು.
ಜೊತೆಗಿದ್ದವರು ಬಂಗಾರಮ್ಮ, ಅವರೂ ನರ್ಸು.
ಮೂವತ್ತೊಂದು ವರ್ಷ.
ಒಬ್ಬರಿಗೆ ಹಗಲು ಪಾಳಿ, ಒಬ್ಬರಿಗೆ ರಾತ್ರಿ ಬಿದ್ದ ವಾರಗಳಲ್ಲಿ
ಹಾಸಿಗೆ ಆರುತ್ತಲೇ ಇರಲಿಲ್ಲ ಎಂದು
ಸೆರಗು ಬಾಯಿಗೊತ್ತಿ ನಕ್ಕರು.
ಊರಿಗೆಲ್ಲ ಅವರು 'ಸಿಸ್ಟರ್‌ಗಳು'.
ಗಂಜಿ ಹಾಕಿ ಇಸ್ತ್ರಿ ಮಾಡಿದ ಪದ.
ತೊಟ್ಟುಕೊಂಡೇ ನಿವೃತ್ತರಾದರು.

ಪ್ರಶ್ನೆ ಹನ್ನೊಂದು: ಸಂಬಂಧದ ಸ್ವರೂಪ.
ನನ್ನ ಬಳಿ ಐದು ಖಾನೆಗಳಿದ್ದವು.
ಅವರು ಎದ್ದು ಕಾಫಿಗೆ ಹಾಲಿಡಲು ಹೋದರು,
ಒಳಗಿನಿಂದಲೇ ಕೂಗಿದರು:
'ಅದಕ್ಕೆ ನುಗ್ಗೆಕಾಯಿ ಆಗ್ತಿರಲಿಲ್ಲ ಕಣೆ.
ನನಗೆ ಅದಿಲ್ಲದೆ ಆಗ್ತಿರಲಿಲ್ಲ.
ದಿನಾ ಎರಡು ಪಾತ್ರೆ ಸಾರು.
ಈ ಈಸ್ಟರ್ ಕಳೆದ ಮೇಲೆ ಒಂದೇ.'
ಎರಡನೆಯ ಸಾಲಿನ ಅದು ಯಾವುದೆಂದು
ನಾನು ಕೇಳಲಿಲ್ಲ.
ಕೊಂಕಣಿಯ ಬಾಯಿಗೆ ನಮ್ಮ ಸೀಮೆಯ ಅದು ಹೇಗೆ ಬಂತೆಂದು
ಕೇಳಬೇಕಾಗಿಯೂ ಇರಲಿಲ್ಲ.

ಮೇಡಂ ಅಂಚಿನಲ್ಲಿ ಬರೆದರು:
ಚೆನ್ನಾಗಿದೆ. ಪರಿಕಲ್ಪನೆ ಎಲ್ಲಿ?

ದುರ್ಗಿಗುಡಿಯ ಡಿಟಿಪಿ ಅಂಗಡಿಯಲ್ಲಿ
ಜಬೀವುಲ್ಲಾ, ಲೈಂಗಿಕತೆ ಬಂದಲ್ಲೆಲ್ಲ
ಲೌಕಿಕತೆ ಎಂದು ಹೊಡೆದಿಟ್ಟಿದ್ದ. ಎಂಬತ್ತನಾಲ್ಕು ಕಡೆ.
'ಸ್ಕ್ರೀನು ರಸ್ತೆಗೆ ಕಾಣತ್ತೆ ಮೇಡಂ,
ಕೊನೇಲಿ ಒಂದೇ ಏಟಿಗೆ ಬದಲಾಯಿಸ್ತೀನಿ.'
ಬದಲಾಯಿಸಿದ. ಎಂಬತ್ತಮೂರು.
ಪುಟ ನಲವತ್ತೊಂದರಲ್ಲಿ ಉಳಿದದ್ದನ್ನು ನೋಡಿಯೂ
ಹಾಗೇ ಬಿಟ್ಟೆ.
ಆದರೆ ಹೆಂಗಸಿಗೆ ಯಾರಾದರೂ ಅದು ಅಂತಾರಾ ಎಂದು
ಪಾಪ, ನನ್ನ ಮಾನ ಉಳಿಸಲು
ಅವನು ತಿದ್ದಿದ್ದ ಅವಳು, ಅವಳಿಗೆ, ಅವಳಿಲ್ಲದೆಗಳನ್ನು
ಅಂಗಡಿ ಬಾಗಿಲು ಅರ್ಧ ಎಳೆಯುವವರೆಗೆ ಕೂತು
ಒಂದೊಂದಾಗಿ ಹಿಂದಕ್ಕೆ ತಂದೆ.

ಕಂದು ರಟ್ಟು, ಬಂಗಾರದ ಅಕ್ಷರ.
ಒಂದು ಪ್ರತಿ ಭದ್ರಾವತಿಗೆ ಒಯ್ದೆ.
ಕನ್ನಡಕ ಹುಡುಕಿ ಹಾಕಿಕೊಂಡು
'ಈ ಏಳು ಯಾರು?'
ನೀವು.
'ಅದು ಎಲ್ಲಿ?'
ಪುಟ ಅರವತ್ತಮೂರು ತೆಗೆದು ತೋರಿಸಿದೆ.
ಅದಕ್ಕೆ ಎಂಬ ಮೂರಕ್ಷರದ ಮೇಲೆ
ಬೆರಳಿಟ್ಟರು. ಥರ್ಮಾಮೀಟರು ಹಿಡಿದು ಹಿಡಿದು
ತುದಿ ಚಪ್ಪಟೆಯಾದ ಬೆರಳು.
ಒಳಗೆ ಹಾಲು ಉಕ್ಕುವ ಸದ್ದು.
ಇಬ್ಬರೂ ಏಳಲಿಲ್ಲ.