ಖಾಲಿ ಹುದ್ದೆ

ಮಾರ್ಚ್ ಇಪ್ಪತ್ತೊಂಬತ್ತು. ಪೊನ್ನಂಪೇಟೆಯ ನಮ್ಮ ಪಾಲಿಟೆಕ್ನಿಕ್ಕಿಗೆ
ಕ್ವಾಂಟಂ ಬಂತು, ಗೋಣಿಕೊಪ್ಪದಿಂದ ಆಟೋದಲ್ಲಿ,
ಮೊಯ್ದುವಿನ ತೊಡೆಯ ಮೇಲೆ,
ಆಸ್ಪತ್ರೆಯಿಂದ ಮಗು ತಂದಂತೆ.
ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಹಸಿರು ಬೆಳಕು,
ಬೆಳಕಿನ ತುದಿಗೆ ಸಾಸಿವೆಗಿಂತ ಸಣ್ಣ ವಜ್ರ.
ಮೂವತ್ತೊಂದರೊಳಗೆ ಬಿಲ್ಲು ಪಾಸಾಗದಿದ್ದರೆ
ಹಣ ಬಂದ ಬಸ್ಸಿಗೇ ವಾಪಸ್ಸು.

ನೀತಿ ನೂರ ಹನ್ನೆರಡು ಪುಟ. ಪೂರ್ತಿ ಓದಿದ್ದೇನೆ, ಸುಳ್ಳಲ್ಲ.
ನಾಲ್ಕನೇ ಅಧ್ಯಾಯದಲ್ಲಿ ನಾವಿದ್ದೇವೆ: 'ಇತರೆ ಜಿಲ್ಲೆಗಳು'.
ಗುಂಬ ರಾಜಧಾನಿಯಲ್ಲಂತೆ, ನಾವು ಕಡ್ಡಿಗಳಂತೆ;
ಚಕ್ರ ಉರುಳಬೇಕಾದ ರಸ್ತೆಯ ಮಾತು ಯಾವ ಪುಟದಲ್ಲೂ ಇಲ್ಲ.
'ನಾವೀನ್ಯದ ಪರಿಸರ' ಎಪ್ಪತ್ತು ಸಲ ಬರುತ್ತದೆ.
ನಮ್ಮ ಕಡೆ ಪರಿಸರ ಅಂದರೆ
ಆನೆ ದಾಟಿತೇ, ಕರೆಂಟು ಬಂತೇ,
ಬೋರರ್ ಹಿಡಿದ ಗಿಡ ಕಿತ್ತು ಸುಟ್ಟಾಯಿತೇ.

ಅದನ್ನೇ ಅರ್ಜಿಯಲ್ಲಿ ಬರೆದಿದ್ದೆ, ಬೇರೇನೂ ತೋಚದೆ:
ಅರೇಬಿಕಾದ ಕಾಂಡದೊಳಗೆ ಹುಳ ಇದೆಯೋ ಇಲ್ಲವೋ
ಕಡಿಯದೆ ಹೇಳುವುದು.
ಕಡಿದರೆ ಉತ್ತರ ಸಿಗುತ್ತದೆ, ಗಿಡ ಸಿಗುವುದಿಲ್ಲ.
ಸಮಿತಿಯಲ್ಲಿ ಯಾರೋ ನಕ್ಕರಂತೆ.
ನಕ್ಕಿದ್ದಕ್ಕೇ ಮಂಜೂರಾಗಿರಬೇಕು.

ಮೇಡಂ, ವಜ್ರಕ್ಕೆ ಹೇಗೆ ಕೇಳಿಸುತ್ತೆ? ಅಂದ ಮೊಯ್ದು.
ಒಂದು ಪರಮಾಣು ಇರಬೇಕಾದಲ್ಲಿ ಇಲ್ಲ,
ಆ ಖಾಲಿ ಜಾಗಕ್ಕೇ ಕಿವಿ, ಅಂದೆ.
ಗಿಡದ ಗಾಯದಲ್ಲಿ ಹರಿಯುವ ಇಷ್ಟೇ ಇಷ್ಟು ಮಿಂಚೂ
ಅಲ್ಲಿ ನಡುಗುತ್ತದೆ.
ಅವನು ಗೋಡೆಯ ಸಿಬ್ಬಂದಿ ಪಟ್ಟಿ ನೋಡಿದ:
ಲ್ಯಾಬ್ ಸಹಾಯಕ, ಖಾಲಿ. ತಂತ್ರಜ್ಞ, ಏಳು ವರ್ಷದಿಂದ ಖಾಲಿ.
ಹಾಗಾದರೆ ನಮ್ಮ ಕಾಲೇಜಿಗೆ ಮೈಯೆಲ್ಲಾ ಕಿವಿ.

ಮರುದಿನ ಅಮ್ಮತ್ತಿಯ ತೋಟ. ಜೀಪಿನ ಬ್ಯಾಟರಿ, ಕೊಡೆಯ ಕತ್ತಲು.
ಚೋಮಿ ಕಾಂಡಕ್ಕೆ ಅಂಗೈ ಸವರಿ
ತೊಗಟೆಯ ಏಣು ಸಿಕ್ಕಲ್ಲಿ ಸುಣ್ಣದ ಗೆರೆ ಎಳೆಯುತ್ತ ಹೋದಳು:
ಇದು, ಇದು, ಇದಲ್ಲ.
ದಿನಕ್ಕೆ ನಾನೂರು ಗಿಡ. ನಮ್ಮ ವಜ್ರ ಸಂಜೆಯೊಳಗೆ ಮೂರು.
ಎರಡಕ್ಕೆ ಅವಳ ಮಾತು ಒಪ್ಪಿತು.
ಮೂರನೆಯದಕ್ಕೆ ಇದೆ ಅಂದಿತು; ಅವಳು ಇಲ್ಲ ಅಂದಳು.
ಪಳಂಗಪ್ಪನವರು ಕತ್ತಿ ಎತ್ತಿದರು.
ಹೂ ಬಿಡಲಿ ಬಿಡಿ, ಅಂದಳು ಚೋಮಿ. ಆಮೇಲೆ, ನನ್ನ ಕಡೆ ತಿರುಗಿ,
ಈ ಡಬ್ಬಿಗೆ ಕೂಲಿ ಎಷ್ಟು?
ಹೇಳಿದೆ. ಅವಳು ಎರಡು ಸಲ ಕೇಳಿಸಿಕೊಂಡಳು.

ಮೂವತ್ತೊಂದು. ಬಳಕೆ ಪ್ರಮಾಣಪತ್ರದಲ್ಲೊಂದು ಕಾಲಂ,
'ಪ್ರಾದೇಶಿಕ ಪರಿಣತರು'. ಖಾಲಿ ಬಿಟ್ಟರೆ ಮುಂದೆ ಹೋಗದು.
ಚೋಮಿ ಅಂತ ಬರೆದೆ. ವಿದ್ಯಾರ್ಹತೆ: ಅಂಗೈ.
ಕೆಂಪಕ್ಷರದಲ್ಲಿ ಹಿಂದೆ ಬಂತು. ಮತ್ತೆ ಒತ್ತಿದೆ. ಕರೆಂಟು ಹೋಯಿತು.

ಅಮ್ಮತ್ತಿಯಲ್ಲಿ ಆ ಮೂರನೇ ಗಿಡ ಹೂಮಳೆಗೆ ಕಾದಿದೆ,
ಹುಳ ಹಿಡಿದೂ, ಹಿಡಿಯದೆಯೂ,
ಮೊಗ್ಗು ಕಟ್ಟಿಕೊಂಡು.